ಎದುರು ಸಾಲಿನ ಮಾವ

ಎಡನೀರು ಮಠದಲ್ಲಿ ತಾಳಮದ್ದಳೆ ಉಂಟೆಂದರೆ ಮಾವನಿಗೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಮರೆತುಹೋಗುತ್ತದೆ. ಮಳೆ ಬಂದರೆ ಅತ್ತೆ ಇದ್ದಾರಲ್ಲ! ಇತ್ತ ಮೈಕ್ ಕಟ್ಟುತ್ತಿರುವಾಗಲೇ ಎದುರು ಸಾಲಿನ ಕುರ್ಚಿಯ ಮೇಲೆ ಮಾವನ ಬೈರಾಸು ಬಿದ್ದಿರುತ್ತದೆ.

ಮೊನ್ನೆ ‘ಶರಸೇತು ಬಂಧನ’. ಅರ್ಜುನನಿಗೂ ಹನುಮಂತನಿಗೂ ಮೊದಲ ಭೇಟಿ. ಈ ಮೊದಲ ಭೇಟಿಯನ್ನು ಮಾವ ನಲವತ್ತು ಸಲವಾದರೂ ನೋಡಿದ್ದಾರೆ. ಜೊತೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ. ಅವನಿಗೆ ಸೂಪರ್‌ಹೀರೋ ಎಂದರೆ ಮುಖವಾಡ, ಬೆನ್ನಿಗೆ ಹಾರುವ ಬಟ್ಟೆ. ಇಲ್ಲಿ ನೋಡಿದರೆ ವೇಷವೇ ಇಲ್ಲ, ಕೂತು ಮಾತಾಡುವವರ ಬಿಳಿ ಪಂಚೆ, ಶಾಲು, ಓದುವ ಕನ್ನಡಕ.

“ಅಜ್ಜ, ಇಬ್ಬರಲ್ಲಿ ಯಾರು ಸ್ಟ್ರಾಂಗು?”

“ಅದು ಅರ್ಥ ಹೇಳುವವರ ಮೇಲೆ ಹೋಗ್ತದೆ ಮಾರಾಯ.”

ಭಾಗವತರು ಪದ ಎತ್ತಿದರು. ಮಾವನ ತೊಡೆಯ ಮೇಲೆ ತಾಳ ಶುರುವಾಯಿತು. ಎರಡನೇ ಪದಕ್ಕೆ ಅದು ಪಕ್ಕದವರ ತೊಡೆಗೆ ದಾಟಿತು. ರಾಮ ಕಲ್ಲು ಹೊರಿಸಿ ಸೇತುವೆ ಕಟ್ಟಿಸಿದ್ದೇಕೆ, ನಾನಾಗಿದ್ದರೆ ಬಾಣದಲ್ಲೇ ಮುಗಿಸುತ್ತಿದ್ದೆ ಎಂದ ಅರ್ಜುನ. ಮುದಿ ಕಪಿ ಕೆಮ್ಮಿತು. “ನೀನಾರಯ್ಯಾ?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಇಬ್ಬರೂ ಒಂದೇ ಕಾರಿನಲ್ಲಿ ಬಂದು, ಚೆರ್ಕಳದಲ್ಲಿ ಇಳಿದು, ಒಂದೇ ತಟ್ಟೆಯ ಗೋಳಿಬಜೆ ತಿಂದದ್ದನ್ನು ಮಾವ ಬಸ್ಸಿನ ಕಿಟಕಿಯಿಂದ ಕಣ್ಣಾರೆ ಕಂಡಿದ್ದರು. ಆದರೂ ಉತ್ತರಕ್ಕೆ ಉಸಿರು ಬಿಗಿಹಿಡಿದು ಕೂತರು.

ಹನುಮಂತ ಒಳ್ಳೆಯದೊಂದು ಮಾತು ಹೇಳಿದ. ಸಭೆ ಚಪ್ಪಾಳೆ ತಟ್ಟಿತು. ಮಾವ ಮಾತ್ರ ನಿಟ್ಟುಸಿರು ಬಿಟ್ಟರು: “ಶೇಣಿಯವರು ಇರಬೇಕಿತ್ತು.” ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡದ್ದು 2006ರಲ್ಲಿ. ಮಾವನ ಲೆಕ್ಕದಲ್ಲಿ ಅವರು ಅನಂತರವೂ ಒಂದು ಕೂಟ ತಪ್ಪಿಸಿಲ್ಲ.

ಮಧ್ಯೆ ಚಹಾಕ್ಕೆ ಎದ್ದಾಗ ಮಾವ ಮೊಮ್ಮಗನಿಗೆ ಇನ್ನೊಂದು ಪ್ರಸಂಗ ಹೇಳಿದರು. ಭೂಸುಧಾರಣೆಯಲ್ಲಿ ಮಠದ ಜಾಗ ಹೋಗುತ್ತದೆಂದು ಇಲ್ಲಿಯ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು, 13 ನ್ಯಾಯಾಧೀಶರು 68 ದಿನ ವಾದ ಕೇಳಿದ್ದು, 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂದದ್ದು. ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಮುಟ್ಟುವ ಹಾಗಿಲ್ಲವೆಂಬುದು ಅದರ ತಾತ್ಪರ್ಯ. ಮಠದ ಜಾಗ ಮಾತ್ರ ಉಳಿಯಲಿಲ್ಲ. ಆ ಭಾಗವನ್ನು ಮಾವ ಚಹಾದ ಜೊತೆ ಬೇಗ ನುಂಗಿದರು. ಅವರ ಕೊರಗು ಬೇರೆಯೇ.

“ಸ್ವಾಮಿಗಳ ಪರ ವಾದ ಮಾಡಿದ್ದು ಬೊಂಬಾಯಿಯ ಪಾಲ್ಕಿವಾಲ. ಇಬ್ಬರೂ ಒಮ್ಮೆಯೂ ಮುಖ ನೋಡಿಕೊಂಡಿಲ್ಲವಂತೆ! ಇವರು ಸನ್ಯಾಸಿ, ಭಾಗವತಿಕೆ ಮಾಡ್ತಿದ್ದವರು. ಅವರು ಪಾರ್ಸಿ, ಕಪ್ಪು ಕೋಟು. ಎಂಥಾ ಭೇಟಿ ಆಗ್ತಿತ್ತು! ಪೀಠಿಕೆಗೇ ಒಂದು ರಾತ್ರಿ ಸಾಲದು.”

ಕೊನೆಗೆ ಕೃಷ್ಣ ಬಂದ. ರಾಜಿ ಮಾಡಿಸಿದ. ಹನುಮಂತ ಅರ್ಜುನನ ರಥದ ಬಾವುಟಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಮಾವನಿಗೆ ಸಿಟ್ಟು. “ಇನ್ನೂ ಅರ್ಧ ಗಂಟೆ ಎಳೀಬಹುದಿತ್ತು. ಈ ಕೃಷ್ಣನಿಗೆ ಯಾವಾಗಲೂ ಅವಸರ.”

ಮಂಗಳವಾಗಿ ಹೊರಗೆ ಬಂದರೆ ಅರ್ಜುನ ಕಾರಿನ ಹಿಂದಿನ ಸೀಟಿನಲ್ಲಿ ಒರಗಿದ್ದ. ಸ್ಟೇರಿಂಗ್ ಹಿಡಿದಿದ್ದವನು ಹನುಮಂತ. ಮೊಮ್ಮಗ ಕಾರಿನ ಟಾಪನ್ನೊಮ್ಮೆ, ಅಜ್ಜನ ಮುಖವನ್ನೊಮ್ಮೆ ನೋಡಿದ.

“ಮೇಲೆ ಕೂತ್ಕೊಳ್ತೇನೆ ಅಂದಿದ್ನಲ್ಲ?”