ಏಳಕ್ಕಿಂತ ಐದು ಗಟ್ಟಿ

"ಮಗಳು ಇಂಜಿನಿಯರಿಂಗ್ ಓದತಾಳ, ಐ7 ಚಿಪ್ಪಿನ ಲ್ಯಾಪ್‌ಟಾಪನ ಬೇಕು" ಅಂತ ನಮ್ಮ ಕಾಕಾ ಕೊಪ್ಪಿಕರ ರೋಡಿನ ಅಂಗಡಿಯೊಳಗ ಪಟ್ಟು ಹಿಡಿದು ಕೂತ್ರು. ಹುಡುಗ ಇಟ್ಟಿದ್ದು ಐ7-1255ಯು: 10 ಕೋರ್, 15 ವ್ಯಾಟ್. ಬಾಜೂಕ ಐ5-12500ಎಚ್: 12 ಕೋರ್, 45 ವ್ಯಾಟ್. "ಕಾಕಾ, ಚಿಗರಿ ಅಂತ ಹೆಸರ ಬರದ್ರ ಬಸ್ ಜಿಗಿಯೂದಿಲ್ಲ, ಎಂಜಿನ್ ನೋಡ್ರಿ" ಅಂದೆ. ಗುಟ್ಟೆಲ್ಲಾ ಕಡೀ ಅಕ್ಷರದಾಗ ಐತಿ. ಯು ಅಂದ್ರ ಬ್ಯಾಟರಿ ಉಳಸೂದು. ಎಚ್ ಅಂದ್ರ ಮೈಮುರದು ದುಡಿಯೂದು, ಫ್ಯಾನ್ ಗರಗರ ಅನಸೂದು. ನಂಬರಿನ ಮೊದಲಿಗೆ ಇರೂ 12 ಅಂದ್ರ ಎಷ್ಟನೇ ತಲೆಮಾರಿನ ಚಿಪ್ಪು ಅನ್ನೂ ಲೆಕ್ಕ. ಕಾಕಾಗ ತಲಿಗೆ ಹೋತು, ಐ5 ತಗೊಂಡ್ರು. ಆದ್ರ 2023ರ ಡಿಸೆಂಬರ್‌ನಾಗ ಇಂಟೆಲ್‌ನವರು ಹೊಸ ಚಿಪ್ಪಿನ ಹೆಸರಿನ್ಯಾಗಿನ 'ಐ' ಕಿತ್ತು 'ಅಲ್ಟ್ರಾ' ಹಚ್ಚ್ಯಾರ ಅನ್ನೂದನ್ನ ನಾ ಅವರಿಗೆ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.