ಕೃಪಾನಿಧಿ

ಯಾವ ಡಿಗ್ರಿ ಕಾಲೇಜಿಗೆ ಹೋದರೂ ಇವನು ಸಿಗುತ್ತಾನೆ. ಹೆಗಲಲ್ಲಿ ಲ್ಯಾಪ್‌ಟಾಪು, ಕಿವಿಯ ಸಂದಿಯಲ್ಲಿ ಪೆನ್ನು, ಕಣ್ಣಲ್ಲಿ ನಿದ್ದೆಗೇಡು. ವಿದ್ಯಾರ್ಥಿ ಪತ್ರಿಕೆಯ ಸಂಪಾದಕ. ಗೆಳೆಯರು ಇಟ್ಟ ಹೆಸರು ಕೃಪಾನಿಧಿ. ಅವನ ಪತ್ರಿಕೆಗೆ ಅತಿ ಹೆಚ್ಚು ಬರೆದವರು ‘ಕೃಪೆ: ಅಂತರ್ಜಾಲ’ ಎಂಬ ಮಹನೀಯರು. ಎರಡನೇ ಸ್ಥಾನ ‘ಸಂಗ್ರಹ: ದ್ವಿತೀಯ ಬಿ.ಎ.’ ಅವರಿಗೆ.

ಮೊದಮೊದಲು ಅವನ ಧೈರ್ಯ ನೋಡಬೇಕಿತ್ತು. ಗೂಗಲ್‌ನಲ್ಲಿ ಸೂರ್ಯಾಸ್ತ ಹುಡುಕಿದ, ಎಳೆದ, ಅಂಟಿಸಿದ. ಸೂರ್ಯನ ಹಣೆಗೆ ಯಾವುದೋ ಫೋಟೊ ಏಜೆನ್ಸಿಯ ವಾಟರ್‌ಮಾರ್ಕ್ ವಿಭೂತಿಯಂತೆ ಅಡ್ಡಡ್ಡ ಬಳಿದಿತ್ತು. ಹಾಗೆಯೇ ಮುಖಪುಟಕ್ಕೆ ಬಂತು. ವೆಬ್‌ಸೈಟಿನ ಯೂನಿಕೋಡ್ ಲೇಖನವನ್ನು ಡಿಟಿಪಿ ಅಂಗಡಿಯ ಹಳೇ ಪೇಜ್‌ಮೇಕರ್‌ಗೆ ಸುರಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಅವನನ್ನು ಅಷ್ಟು ಪ್ರಶ್ನೆ ಕೇಳಿದ್ದು ಅದೊಂದೇ. ನಾವು ಕೇಳಿದರೆ, “ಕೃಪೆ ಅಂತ ಹಾಕಿದೀನಲ್ಲ ಸಾರ್!” ಕೃಪೆ ತೋರಿದವರಿಗೆ ತಾವು ತೋರಿದ್ದೇ ಗೊತ್ತಿಲ್ಲ, ಅದು ಬೇರೆ ಮಾತು.

ಕೊನೆಗೆ ಲೈಬ್ರರಿ ಮೇಡಂ ಕೂರಿಸಿಕೊಂಡು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳಿಕೊಟ್ಟರು. ಹೆಸರು ಹಾಕುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. ವಿಮರ್ಶೆಗೆ ನಾಲ್ಕು ಸಾಲು ಎತ್ತಿಕೊಳ್ಳಬಹುದು, ಪುಟ ತುಂಬಿಸಲು ಇಡೀ ಕವಿತೆ ಎತ್ತುವಂತಿಲ್ಲ. ಹಕ್ಕು ಕವಿಯ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಇವನ ತಲೆಯಲ್ಲಿ ಉಳಿದದ್ದು ಕೊನೆಯದೊಂದೇ.

ಅಂದಿನಿಂದ ಇವನಿಗೆ ಕವಿ ಎಂದರೆ ತೀರಿಕೊಂಡ ಇಸವಿ. ಎಕ್ಸೆಲ್ ಶೀಟ್ ತೆರೆದರೆ ಪಂಜೆ 1937, ಬಿಎಂಶ್ರೀ 1946, ಇಬ್ಬರಿಗೂ ಹಸಿರು ಬಣ್ಣ. ಬೇಂದ್ರೆ 1981, ಕೆಂಪು. 2041 ಮುಗಿಯುವವರೆಗೆ ಕೈ ಹಚ್ಚುವಂತಿಲ್ಲ. ಕುವೆಂಪು 1994. “2055ರ ಜನವರಿ ಸಂಚಿಕೆಗೆ ಎರಡು ಪುಟ ಬಿಟ್ಟಿರೋಣ ಸಾರ್” ಎಂದ, ನಗದೆ. ರವೀಂದ್ರರ ವಿಷಯ ತೆಗೆದರೆ ಗಂಟಲು ಕಟ್ಟುತ್ತದೆ. ಅವರು ತೀರಿಕೊಂಡದ್ದು 1941ರಲ್ಲಿ, ಆಗಿದ್ದ 50 ವರ್ಷದ ಲೆಕ್ಕದಲ್ಲಿ 1991ಕ್ಕೆ ಎಲ್ಲರಿಗೂ ಸಿಗಬೇಕಿತ್ತು. ಅಷ್ಟರಲ್ಲಿ ಸರ್ಕಾರ 60 ಮಾಡಿತು. ತಾನು ಹುಟ್ಟುವ ಮೊದಲೇ ತನಗಾದ ಅನ್ಯಾಯ ಇದು ಎನ್ನುತ್ತಾನೆ. ಕುಮಾರವ್ಯಾಸನನ್ನಾದರೂ ಹಾಕೋ ಎಂದೆ. “ಅವರ ಇಸವಿ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ವಂತೆ ಸಾರ್, ರಿಸ್ಕ್ ಬೇಡ.”

ಬದುಕಿರುವವರನ್ನು ಕೇಳಬಹುದಲ್ಲ ಎಂದು ಮೇಡಂ ಗದರಿದ ಮೇಲೆ ಊರಿನ ಕವಿಯೊಬ್ಬರಿಗೆ ಫೋನು ಮಾಡಿದ. ಒಂದು ಕವಿತೆಗೆ ಒಪ್ಪಿಗೆ ಕೇಳಿದರೆ ಅವರು ಹನ್ನೆರಡು ಕಳಿಸಿದರು. ಈಗ ಉಳಿದ ಹನ್ನೊಂದು ಯಾವಾಗ ಬರುತ್ತದೆ ಎಂದು ಬೆಳಗಿನ ಕಾಫಿಗೆ ಮುಂಚೆಯೇ ಅವರ ಫೋನು.

ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಿಂದ ತರುತ್ತಾನೆ. ಒಂದಂಗುಲದ ಕೊಕ್ಕರೆ, ಅದರ ಕೆಳಗೆ ಛಾಯಾಗ್ರಾಹಕನ ಹೆಸರು, ಸಿಸಿ ಬೈ-ಎಸ್‌ಎ 4.0, ‘ಬಾಲ ಕತ್ತರಿಸಲಾಗಿದೆ’ ಎಂಬ ಟಿಪ್ಪಣಿ. ಹುಡುಗರು ನಗುತ್ತಾರೆ. ನಗಬಾರದು, ಆ ಲೈಸೆನ್ಸ್ ಕೇಳುವುದೇ ಅದನ್ನು: ಯಾರದೆಂದು ಹೇಳು, ಯಾವ ಷರತ್ತೆಂದು ಹೇಳು, ಏನು ಬದಲಾಯಿಸಿದೆ ಎಂದೂ ಹೇಳು.

ಈ ಸಲ ಒಪ್ಪಿಗೆ ಪತ್ರದ ಫಾರಂ ಹಿಡಿದು ಪ್ರಾಂಶುಪಾಲರ ಕೋಣೆಗೇ ನುಗ್ಗಿದ. “ಪ್ರಾಂಶುಪಾಲರ ನುಡಿ ಸ್ವಂತ ರಚನೆ ಅಂತ ಒಂದು ಸೈನ್ ಬೇಕು ಸಾರ್.” ಅವರು ಕನ್ನಡಕ ತೆಗೆದು ಒರೆಸಿದರು. “ಅದು… ಆಫೀಸಿನಲ್ಲಿ ವಿಚಾರಿಸಪ್ಪ.”

ಗುಮಾಸ್ತರು ಫೈಲಿನಿಂದ ತಲೆ ಎತ್ತಲಿಲ್ಲ. “ಅದಾ? ಹಿಂದಿನ ಸಾಹೇಬರು ಬರೆದಿದ್ದು. ಪ್ರತಿ ವರ್ಷ ಇಸವಿ, ಹೆಸರು ಬದಲಾಯಿಸಿ ಕೊಡ್ತೀನಿ.”

ಇವನು ಲ್ಯಾಪ್‌ಟಾಪ್ ತೆರೆದ. “ಅವರು ತೀರಿಕೊಂಡಿದ್ದು ಯಾವಾಗ?”

“ಯಾಕೆ ತೀರಿಕೊಳ್ತಾರೆ? ಮೈಸೂರಲ್ಲಿ ದಿನಾ ಐದು ಕಿಲೋಮೀಟರ್ ವಾಕಿಂಗ್ ಮಾಡ್ತಾರೆ.”

ಕೃಪಾನಿಧಿಯ ಮುಖ ಸಣ್ಣದಾಯಿತು.