ಅಂಗೈ ಊರುವ ತಾವಿನ ಶಾಸನಗಳು: ಒಂದು ಪೂರ್ವಪೀಠಿಕೆ

ಹಾವೇರಿ ಸೀಮೆಯ ಶಾಸನ ಎಂದೊಡನೆ ವಿದ್ವಾಂಸರು ಅಬಲೂರಿನ ಸೋಮೇಶ್ವರ ಗುಡಿಗೇ ಓಡುತ್ತಾರೆ. ಏಕಾಂತದ ರಾಮಯ್ಯನ ಕಥೆ ಹೇಳುವ ಅಲ್ಲಿಯ ಕಲ್ಲನ್ನು ಫ್ಲೀಟ್ ಸಾಹೇಬರು ಓದಿ ಶತಮಾನವೇ ಕಳೆಯಿತು. ಅದೇ ಸೀಮೆಯ ಮಾಸೂರಿನ ಕಾಲೇಜು ಹುಡುಗರ ಲ್ಯಾಪ್‌ಟಾಪುಗಳ ಮೇಲೆ ಬೆವರಿಗೆ ಸವೆಯುತ್ತಿರುವ ಕಿರುಶಾಸನಗಳು ಮಾತ್ರ ಇನ್ನೂ ಅನಾಥ. ಲೋಕ ಇವನ್ನು ಸ್ಟಿಕ್ಕರ್ ಎನ್ನುತ್ತದೆ.

ಈ ಪರಂಪರೆಯ ಆದಿಕಾಲ 1991, ‘ಇಂಟೆಲ್ ಇನ್‌ಸೈಡ್’ ಯುಗ. ಯಂತ್ರ ಕಟ್ಟಿದವನೊಬ್ಬ, ಹಣೆಯ ಮೇಲೆ ಹೆಸರು ಇನ್ನೊಬ್ಬನದು. ದೇಗುಲ ಕಡೆದ ರೂವಾರಿಯನ್ನು ಬಿಟ್ಟು ದಾನ ಕೊಟ್ಟ ದಂಡನಾಯಕನನ್ನು ಹೊಗಳುವ ನಮ್ಮ ಪದ್ಧತಿಗೆ ಇದು ಸರಿಯಾಗಿಯೇ ಇದೆ. 2003ರ ‘ಸೆಂಟ್ರಿನೋ’ ಸಾಮೂಹಿಕ ದಾನಪತ್ರ: ಪ್ರೊಸೆಸರ್, ಚಿಪ್‌ಸೆಟ್, ವೈಫೈ ಮೂರೂ ಒಂದೇ ಮನೆಯವಾದರಷ್ಟೇ ಆ ಚೀಟಿ. 2020ರ ‘ಇವೋ’ ಇನ್ನೂ ಕಟ್ಟುನಿಟ್ಟು: ಮಲಗಿದ ಯಂತ್ರ ಒಂದು ಸೆಕೆಂಡಿನೊಳಗೆ ಏಳಬೇಕು, ಬ್ಯಾಟರಿ 9 ತಾಸು ಬರಬೇಕು. ಪ್ಲಾಟ್‌ಫಾರ್ಮ್ ಎಂದರೆ ಇದೇ, ಒಬ್ಬ ವೀರನ ಹೊಗಳಿಕೆಯಲ್ಲ, ಇಡೀ ದಂಡಿನದು.

ಇನ್ನು ಬಿರುದಾವಳಿ. ಐ3, ಐ5, ಐ7 ಎಂಬ ಮೂರೇ ಸಾಲು ಕಂಡು ಇದು ಸರ್ವಜ್ಞನ ಸೀಮೆಯ ತ್ರಿಪದಿಯೇ ಇರಬೇಕೆಂದು ಪ್ರಸ್ತುತ ಸಂಶೋಧಕ ವಾದಿಸಬೇಕೆಂದಿದ್ದ; ಐ9 ಬಂದು ಛಂದಸ್ಸು ಕೆಡಿಸಿತು. ಆಯುಧಪೂಜೆಯ ಕುಂಕುಮ ಮೆತ್ತಿ 5ರ ಅಂಕಿ 3ರಂತೆ ಕಾಣುವ ಒಂದು ಪ್ರತಿಯಲ್ಲಿ ಪಾಠಾಂತರದ ಸಮಸ್ಯೆಯೂ ಇದೆ. ಆದರೆ ನಿಜವಾದ ತೊಡಕು ಕಾಲನಿರ್ಣಯದ್ದು. 2009ರಲ್ಲಿ ಹುಟ್ಟಿದ ‘ಐ5’ ಬಿರುದನ್ನು ಮೊಮ್ಮಕ್ಕಳು ಮರಿಮಕ್ಕಳೂ ಹೊತ್ತಿದ್ದಾರೆ. ‘ಸಮಸ್ತಭುವನಾಶ್ರಯ’ ಎಂದ ಮಾತ್ರಕ್ಕೆ ಅದು ಯಾವ ಚಾಲುಕ್ಯ ಎಂದು ತಿಳಿದೀತೇ? ಪೀಳಿಗೆ ತಿಳಿಯಲು ಸೆಟ್ಟಿಂಗ್ಸ್ ಎಂಬ ಗರ್ಭಗುಡಿ ಹೊಕ್ಕು ‘ಐ5-8250ಯು’ ಎಂಬ ಪೂರ್ತಿ ಪಾಠ ಓದಬೇಕು. 8 ಎಂದರೆ ಎಂಟನೇ ಪೀಳಿಗೆ. ಕೊನೆಯ ‘ಯು’ ಮಿತವಾಗಿ ಕರೆಂಟು ಉಣ್ಣುವವನು. ಅಲ್ಲಿ ‘ಎಚ್’ ಇದ್ದರೆ ಹೊಟ್ಟೆಬಾಕ, ದುಡಿಮೆಯೂ ಜಾಸ್ತಿ. ಮೆಮೊರಿ ಎಷ್ಟು, ಡಿಸ್ಕ್ ಯಾವುದು ಎಂಬ ಬಗ್ಗೆ ಶಾಸನದ್ದು ಜಾಣಮೌನ.

ಎಎಂಡಿ ವಂಶದ ‘ರೈಜೆನ್ 5 7520ಯು’ ಪಂಡಿತರನ್ನೇ ಬೆವರಿಳಿಸುವ ಶಾಸನ. ಮೊದಲ 7 ಎಂದರೆ 2023ರ ಮಾದರಿ. ಮೂರನೆಯ ಅಂಕಿ 2 ಎಂದರೆ ಒಳಗಿನ ಕಟ್ಟಡ ಜೆನ್ 2, ಅಂದರೆ 2019ರದು. ಹೇಳುವ ಕಾಲ ಒಂದು, ಲಿಪಿಯ ಕಾಲ ಇನ್ನೊಂದು! ತಾಮ್ರಪಟವಾಗಿದ್ದರೆ ಫ್ಲೀಟ್ ಸಾಹೇಬರು ಕೂಟಶಾಸನ ಎಂದು ಬದಿಗಿಡುತ್ತಿದ್ದರು. ಇಲ್ಲಿ ಹಾಗನ್ನುವಂತಿಲ್ಲ, ಕಂಪನಿಯೇ ಈ ಅಂಕಿಗಳ ಕೀಲಿಯನ್ನು ಬಹಿರಂಗವಾಗಿ ಕೊಟ್ಟಿದೆ; ಕೊಳ್ಳುವವರು ಓದಿರುವುದಿಲ್ಲ, ಅಷ್ಟೆ. 2006ರ ‘ವಿಸ್ಟಾ ಕೇಪಬಲ್’ ಚೀಟಿಯಂತೂ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇ ಏರಿತು. ಕೇಪಬಲ್ ಎಂದಿದ್ದ ಎಷ್ಟೋ ಯಂತ್ರಗಳು ವಿಸ್ಟಾದ ತೀರಾ ಬಡ ಆವೃತ್ತಿಗಷ್ಟೇ ಸಾಕಾಗುತ್ತಿದ್ದವು.

ಶಾಸನದ ಕೊನೆಗೆ ಶಾಪಾಶಯ ಇರಲೇಬೇಕಲ್ಲ. ಲ್ಯಾಪ್‌ಟಾಪು ಬೋರಲು ಹಾಕಿದರೆ ಕೆಲವದರ ಸ್ಕ್ರೂ ಮೇಲೆ ಸಿಗುತ್ತದೆ: ಈ ಸೀಲು ಒಡೆದವರಿಗೆ ವಾರಂಟಿ ಇಲ್ಲ. ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವುದಕ್ಕಿಂತ ಇದು ಹಗುರ, ಆದರೆ ಪರಿಣಾಮ ಬೇಗ. ಅಂಗೈ ಕೆಳಗಿನ ಚೀಟಿಗೆ ಅಂಥ ಶಾಪವಿಲ್ಲ, ಕಿತ್ತರೆ ಯಂತ್ರ ನಿಧಾನವಾಗುವುದೂ ಇಲ್ಲ. ಇದನ್ನು ಸಾಧಾರವಾಗಿ ವಿವರಿಸಿದ ಮೇಲೂ ಮಾಸೂರಿನ ಅಪ್ಪನೊಬ್ಬ ಮಗನಿಗೆ ಹೇಳಿದ್ದು ಇಷ್ಟು: “ಇರಲಿ ಬಿಡೋ, ಕೀಳಬ್ಯಾಡ. ನಾಳೆ ಮಾರೂ ಮುಂದ ನಾಕು ರೊಕ್ಕ ಹೆಚ್ಚಿಗಿ ಬರತಾವ.”